ಸಣ್ಣ ದೇರುವಿನ ಸ್ವರ

ಹರಿಣಾಕ್ಷಿಗೆ ನಲವತ್ತೆರಡು ವರ್ಷ. ಅವಳ ಸ್ವರಕ್ಕೆ ಮಾತ್ರ ಒಂಬತ್ತು ದಾಟಿಲ್ಲ. ಫೋನಿನಲ್ಲಿ ಹಲೋ ಎಂದರೆ ಸಾಕು, ಮನೆಯಲ್ಲಿ ದೊಡ್ಡವರು ಯಾರೂ ಇಲ್ಲವಾ ಮಗಾ ಎಂದು ಆ ಕಡೆಯಿಂದ ಕೇಳುತ್ತಾರೆ. ಗ್ಯಾಸ್ ತರುವವನು ಕೇಳಿದ್ದಾನೆ, ಮಗಳು ಯಶ್ಮಿತಾಳ ಶಾಲೆಯ ಹೊಸ ಟೀಚರು ಕೇಳಿದ್ದಾರೆ. ಒಮ್ಮೆ ಬ್ಯಾಂಕಿನವಳೊಬ್ಬಳು ಮಕ್ಕಳ ಹತ್ತಿರ ಖಾತೆಯ ವಿಷಯ ಮಾತಾಡುವ ಹಾಗಿಲ್ಲ ಎಂದು ಫೋನ್ ಇಟ್ಟೇಬಿಟ್ಟಿದ್ದಳು. ತೆಳ್ಳಗಿನ, ತುಸು ಗೊಗ್ಗರಾದ, ಇನ್ನೂ ಒಡೆಯದ ಗಂಡುಹುಡುಗನ ಸ್ವರ ಅದು.

ಮಂಡೆಕೋಲಿನ ತವರಿನಲ್ಲಿ ಈ ಸ್ವರಕ್ಕೆ ಬೆಲೆ ಇತ್ತು. ಗುಡ್ಡದ ಆಚೆ ಬದಿ ಕೆಲಸದಲ್ಲಿರುತ್ತಿದ್ದ ಅಪ್ಪನನ್ನೂ ಆಳುಗಳನ್ನೂ ಊಟಕ್ಕೆ ಕರೆಯುವುದು ಅವಳ ಪಾಲಿನ ಕೆಲಸ. ಅವಳು ಕೂಗಿದರೆ ಗಡಿಯ ಆಚೆಗಿನ ಮಲಯಾಳಿಗಳೂ ಕೈತೊಳೆದುಕೊಂಡು ಕೂರುತ್ತಾರೆ ಎಂದು ನೆರೆಕರೆಯವರು ನಗುತ್ತಿದ್ದರು. ಹೆಣ್ಣು ನೋಡಲು ಬಂದ ದಿನ ಮಾತ್ರ ತಾಯಿ, ಹೆಚ್ಚು ಬಾಯಿ ಬಿಡಬೇಡ ಎಂದು ಎಚ್ಚರಿಸಿದ್ದರು. ಅವಳು ಬಿಡಲಿಲ್ಲ. ಹುಡುಗಿ ಬಹಳ ಶಾಂತ ಎಂದು ಹೇಳಿ ಜಯಪ್ರಕಾಶನ ಕಡೆಯವರು ಒಪ್ಪಿಕೊಂಡು ಹೋದರು.

ಪುತ್ತೂರಿನ ದರ್ಬೆಯಲ್ಲಿ ಮುಖ್ಯ ರಸ್ತೆಗೆ ಜಯಪ್ರಕಾಶನ ಪಂಪ್‌ಸೆಟ್ ಅಂಗಡಿ, ಅದರ ಹಿಂದಿನ ಓಣಿಯಲ್ಲಿ ಮನೆ. ಕೆಲವು ವರ್ಷಗಳ ಹಿಂದೆ ಅವನ ಅಕ್ಕನ ಮಗ ಪ್ರಖ್ಯಾತ್ ಓದು ಮುಗಿಸಿ, ನೆಲ್ಯಾಡಿ ಕಡೆಯ ಗೆಳೆಯ ಲಿಜೋನನ್ನು ಕಟ್ಟಿಕೊಂಡು, ಈ ಮನೆಯ ಮಹಡಿಯ ಕೋಣೆಗೆ ಬಂದು ಕುಳಿತ. ಮೊಬೈಲಿನಲ್ಲಿ ಆಡುವ ಗೇಮ್ ಮಾಡುವುದು ಅವರ ಯೋಚನೆ. ಕೋಣೆ ಬೇಕು ಎಂದು ಅವನು ಕೇಳಲಿಲ್ಲ, ಬರುತ್ತೇನೆ ಎಂದು ಹೇಳಿದ. ಇವರದು ಅಳಿಯಕಟ್ಟಿನ ಮನೆತನ. ಆಸ್ತಿಯು ಸೋದರಳಿಯನಿಗೆ ಹೋಗುತ್ತಿದ್ದ ಕಾಲ ಮುಗಿದು ತಲೆಮಾರು ಕಳೆದರೂ, ಮಾವನ ಮನೆಯಲ್ಲಿ ಅಳಿಯನ ಸಲುಗೆ ಹಾಗೇ ಉಳಿದಿದೆ. ಅಳಿಯ ಹೇಳುತ್ತಾನೆ, ಮಾವ ಹೂಂ ಎನ್ನುತ್ತಾನೆ. ಆ ಹೂಂ ಎನ್ನುವುದನ್ನು ಅನ್ನ, ಸಾರು, ಒಗೆದ ಹೊದಿಕೆಗಳನ್ನಾಗಿ ಮಾಡಿ ಮಹಡಿ ಹತ್ತಿಸುವವಳು ಮಾಮಿ, ಅಂದರೆ ಹರಿಣಾಕ್ಷಿ.

ಗೇಮಿನ ನಾಯಕ ದೇರಣ್ಣ. ಗಿರಿಜಾ ಮೀಸೆಯ ಗಟ್ಟಿಗ, ಘಟ್ಟದ ದಾರಿಗಳನ್ನು ಕಾಯುವವನು. ಒಂದು ಕಡೆ ಅವನಿಗೆ ತನ್ನ ಬಾಲ್ಯ ಕನಸಾಗಿ ಬರಬೇಕು, ಸಣ್ಣ ಹುಡುಗನೊಬ್ಬ ಅಮ್ಮಾ ಎಂದು ಕೂಗಬೇಕು ಎಂದು ಪ್ರಖ್ಯಾತ್ ಬರೆದಿದ್ದ. ಓಣಿಯ ಹುಡುಗರನ್ನು ಕರೆತಂದರೆ ಅವರು ಮೈಕಿನ ಎದುರು ನಾಚಿಕೊಂಡು ಉಗುರು ಕಚ್ಚಿದರು. ಅದೇ ಹೊತ್ತಿಗೆ ಕೆಳಗಿನಿಂದ ಹರಿಣಾಕ್ಷಿ ಊಟಕ್ಕೆ ಕರೆದಳು. ಮೈಕ್ ತೆರೆದೇ ಇತ್ತು. ಲಿಜೋ ಅದನ್ನು ಮತ್ತೊಮ್ಮೆ ಹಾಕಿ ಕೇಳಿ, ಊಟ ಬಿಟ್ಟು ಕೆಳಗೆ ಓಡಿ ಬಂದು, ಆಂಟಿ ನೀವು ಒಮ್ಮೆ ಮೇಲೆ ಬರಬೇಕು ಎಂದ.

ಮೊದಲನೆಯ ಗೇಮಿನಲ್ಲಿ ಅವಳದು ಒಂದೇ ಒಂದು ಕೂಗು. ಆದರೆ ಆಡಿದವರಿಗೆ ಮೀಸೆಯ ದೇರಣ್ಣನಿಗಿಂತ ಆ ಕೂಗೇ ನೆನಪಿನಲ್ಲಿ ಉಳಿಯಿತು. ಎರಡನೆಯದರಲ್ಲಿ ಎಂಟು ವರ್ಷದ ಸಣ್ಣ ದೇರು ಹೊಳೆ ದಾಟಿದ, ದೋಣಿಯವನ ಹತ್ತಿರ ವಾದ ಮಾಡಿದ. ಮೂರನೆಯದರಲ್ಲಿ ಅರ್ಧ ಆಟವೇ ಅವನದಾಯಿತು. ದೊಡ್ಡವನ ಮೀಸೆ ಬೆಳೆದ ಹಾಗೆಲ್ಲ ಜನ ಸಣ್ಣವನನ್ನೇ ಕೇಳಿದರು. ಕೊನೆಯಲ್ಲಿ ಓಡುವ ಹೆಸರುಗಳ ನಡುವೆ ಅವಳ ಹೆಸರು ಬರೀ 'ಎಚ್.' ಎಂದಿತ್ತು. ಹುಡುಗನ ಸ್ವರ ಹೆಂಗಸಿನದ್ದು ಅಂತ ಗೊತ್ತಾದರೆ ಆಟದ ಮಜಾ ಹೋಗುತ್ತದೆ ಎಂದು ಪ್ರಖ್ಯಾತ್ ಸಮಜಾಯಿಷಿ ಕೊಟ್ಟಿದ್ದ. ಅವಳಿಗೆ ಅದರಿಂದ ಬೇಸರವೇನೂ ಆಗಿರಲಿಲ್ಲ. ಅವಳಿಗೆ ಬೇಕಿದ್ದದ್ದು ಆ ಕೋಣೆ.

ಹೊರಗಿನ ಸದ್ದು ಬರದ ಹಾಗೆ ಕೋಣೆಯ ಗೋಡೆಗಳಿಗೆಲ್ಲ ಹಾಸಿಗೆ ಕಟ್ಟಿದ್ದರು. ಹಾಸಿಗೆಗಳನ್ನು ಬಿಸಿಲಿಗೆ ಹಾಕಿ, ಹೊಲಿದು, ಹೊತ್ತು ತಂದವಳೂ ಅವಳೇ. ರೆಕಾರ್ಡಿಂಗಿಗೆ ಹೊತ್ತು ಗೊತ್ತು ಮಾಡಿದ್ದು ಒಲೆ. ಕುಕ್ಕರಿಟ್ಟರೆ ಗೇಮಿನ ಕಾಡಿನ ನಡುವೆ ಸೀಟಿ ಕೇಳುತ್ತದೆ. ಹಾಗಾಗಿ ಕುಚ್ಚಲಕ್ಕಿಯನ್ನು ಪಾತ್ರೆಯಲ್ಲೇ ಬೇಯಲು ಇಟ್ಟು ಅವಳು ಮೇಲೆ ಹತ್ತುತ್ತಿದ್ದಳು. ಅನ್ನ ಬೇಯುವಷ್ಟು ಹೊತ್ತು ಅವಳು ದೇರು. ಯಾರೂ ಬಾಗಿಲು ಬಡಿಯುವಂತಿಲ್ಲ, ಟವೆಲ್ ಎಲ್ಲಿ ಎಂದು ಕೇಳುವಂತಿಲ್ಲ. ಮದುವೆಯಾದ ಮೇಲೆ ಈ ಮನೆಯಲ್ಲಿ ಅವಳನ್ನು ಯಾರೂ ಕರೆಯದೆ ಇದ್ದ ಹೊತ್ತು ಅದೊಂದೇ.

ಮೂರನೆಯ ಗೇಮಿನ ಸಮಯದಲ್ಲಿ ಒಂದು ತೊಡಕು ಬಂತು. ಸಣ್ಣ ದೇರು ಹಾರಬೇಕು, ಏರಬೇಕು, ಬೀಳಬೇಕು, ದಣಿದು ಉಸಿರು ಬಿಡಬೇಕು. ಮೈಕಿನ ಎದುರು ಸುಮ್ಮನೆ ನಿಂತು ಹುಪ್ ಎಂದರೆ ಅದು ಸುಳ್ಳೆಂದು ತಿಳಿಯುತ್ತಿತ್ತು. ಲಿಜೋ ಒಂದು ಉಪಾಯ ಮಾಡಿದ. ಅಂಗಿಯ ಗುಂಡಿಯಷ್ಟು ಸಣ್ಣ ಮೈಕನ್ನು ಅವಳ ನೈಟಿಯ ಕತ್ತಿಗೆ ಸಿಕ್ಕಿಸಿ, ನೀವು ನಿಮ್ಮ ಕೆಲಸ ಮಾಡಿ ಆಂಟಿ, ಇದು ಇರುವುದನ್ನೇ ಮರೆತುಬಿಡಿ ಎಂದ. ಅವಳು ಮರೆತಳು. ಬೆಳಗ್ಗೆ ಸಿಕ್ಕಿಸಿದ್ದನ್ನು ಸಂಜೆ ತೆಗೆಯುತ್ತಿದ್ದಳು. ಹೀಗೆ ಹಲವು ದಿನ ನಡೆಯಿತು. ಆ ಗೇಮಿನಲ್ಲಿ ದೇರು ಬಂಡೆಯಿಂದ ಬಂಡೆಗೆ ಹಾರುವಾಗ ಕೇಳಿಸುವ ಹುಪ್, ಹರಿಣಾಕ್ಷಿ ಗ್ರೈಂಡರಿನ ಕಲ್ಲನ್ನು ಎತ್ತಿದ್ದು. ಅವನು ಬಳ್ಳಿ ಹಿಡಿದು ಜಗ್ಗುವುದು, ಒದ್ದೆ ಬೆಡ್‌ಶೀಟ್ ಹಿಂಡಿದ್ದು. ಹುಲಿ ಅಟ್ಟಿಸಿಕೊಂಡು ಬಂದಾಗಿನ ಏದುಸಿರು, ಬಟ್ಟೆಯ ಬಕೆಟ್ ಹೊತ್ತು ಟೆರೇಸಿಗೆ ಹತ್ತಿದ್ದು. ಕೇಳಿದವರೆಲ್ಲ ಎಷ್ಟು ಸಹಜವಾಗಿದೆ ಎಂದು ಹೊಗಳಿದರು.

ನಾಲ್ಕನೆಯದು ಪೂರ್ತಿಯಾಗಿ ದೇರುವಿನ ಬಾಲ್ಯದ ಕತೆ ಎಂದು ತೀರ್ಮಾನವಾದಾಗ ಹರಿಣಾಕ್ಷಿ ಯಾರಿಗೂ ಹೇಳದೆ ಖುಷಿಪಟ್ಟಳು. ಆದರೆ ಅಷ್ಟರಲ್ಲಿ ತಂಗಿ ಸುಪ್ರಿತಾಳಿಗೆ ಹೆರಿಗೆಯಾಯಿತು. ತವರಿನಲ್ಲಿ ಬಾಣಂತನ ಮಾಡಲು ಇನ್ನೊಂದು ಕೈ ಬೇಕು, ಅದು ಅಕ್ಕನದ್ದೇ ಆಗಬೇಕು. ನೀವು ಹೋಗಿ ಬನ್ನಿ ಮಾಮಿ, ಇಲ್ಲಿಯ ಚಿಂತೆ ಬೇಡ ಎಂದು ಪ್ರಖ್ಯಾತನೇ ಬಸ್ಸಿಗೆ ಬಿಟ್ಟ. ಮಂಡೆಕೋಲಿನಲ್ಲಿ ಒಂದು ತಿಂಗಳು ಮೀರಿ ಎಣ್ಣೆ, ಬಿಸಿನೀರು, ಕಷಾಯ, ಮಗುವಿನ ಬಟ್ಟೆಗಳಲ್ಲಿ ಮುಳುಗಿದ್ದವಳು, ಮಗುವನ್ನು ತೂಗುವಾಗೆಲ್ಲ ದೇರುವಿನ ಹೊಸ ಮಾತುಗಳು ಹೇಗಿರಬಹುದು ಎಂದು ಕಲ್ಪಿಸಿಕೊಳ್ಳುತ್ತಿದ್ದಳು.

ಮರಳಿ ಬಂದು ಚೀಲ ಇಳಿಸಿದವಳೇ ರೆಕಾರ್ಡಿಂಗ್ ಯಾವಾಗ ಎಂದು ಕೇಳಿದಳು. ಅದೆಲ್ಲ ಆಗಿದೆ, ನೀವಿನ್ನು ಆರಾಮ ಮಾಡಿ ಎಂದು ಪ್ರಖ್ಯಾತ್ ಮೊಬೈಲಿನಿಂದ ತಲೆ ಎತ್ತದೆ ಹೇಳಿದ. ಬೇರೆ ಯಾರನ್ನೋ ಹುಡುಕಿಕೊಂಡಿದ್ದಾರೆ ಎಂದುಕೊಂಡಳು. ಅಡುಗೆಮನೆಗೆ ಬಂದು, ಮುದಿ ಹೆಂಗಸಿನ ಹತ್ತಿರ ಹುಡುಗನ ಮಾತು ಎಷ್ಟು ದಿನ ಆಡಿಸಿಯಾರು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮರುದಿನ ಸಂಜೆ ಅವಳು ಸೌತೆಕಾಯಿ ಹೆಚ್ಚುತ್ತಿದ್ದಾಗ ಪಕ್ಕದಲ್ಲಿ ಯಶ್ಮಿತಾ ಫೋನ್ ಹಿಡಿದು ಕುಳಿತಿದ್ದಳು. ಬಿಡುಗಡೆಗೆ ಮೊದಲು ಕೆಲವರಿಗೆ ಆಡಿ ನೋಡಲು ಕೊಟ್ಟ ಪ್ರತಿ ಅವಳಿಗೂ ಸಿಕ್ಕಿತ್ತು. ಫೋನಿನಿಂದ ದೇರು ಮಾತಾಡಿದ. ಹೊಸ ಹುಡುಗನಲ್ಲ. ಹರಿಣಾಕ್ಷಿ ಚೂರಿ ಕೆಳಗಿಟ್ಟಳು. ಅದೇ ಗೊಗ್ಗರು, ಮಾತಿನ ಕೊನೆಗೆ ಸ್ವರ ತುಸು ಮೇಲೇಳುವ ಅದೇ ಅಭ್ಯಾಸ. ದೇರು ನಾಯಿಯನ್ನು ಕರೆದ, ಜೇನು ಕೀಳುವ ಉಪಾಯ ಹೇಳಿದ, ಅಜ್ಜನನ್ನು ಗೇಲಿ ಮಾಡಿದ. ಒಂದು ಮಾತನ್ನೂ ಅವಳು ಆಡಿರಲಿಲ್ಲ. ಇದನ್ನೆಲ್ಲ ಯಾವಾಗ ಹೇಳಿದೆ ಎಂದು ನೆನಪಿಸಿಕೊಳ್ಳಲು ನೋಡಿದಳು. ಬಾಣಂತಿಮನೆಯ ನಿದ್ದೆಗೇಡಿನಲ್ಲಿ ಮರೆವು ಬಂದಿತೋ ಎಂದೂ ಹೆದರಿದಳು.

"ನಾನಿದು ಹೇಳಲೇ ಇಲ್ಲ ಅಲ್ಲ" ಎಂದಳು ಮಗಳಿಗೆ.

"ಕಂಪ್ಯೂಟರಿಗೆ ಕಲಿಸಿದ್ದಂತೆ ಅಮ್ಮ. ನಿಮ್ಮ ಹಳೇ ರೆಕಾರ್ಡಿಂಗ್ ಎಲ್ಲ ಕೇಳಿಸಿ ಕೇಳಿಸಿ. ಈಗ ಅವರು ಬರೆದದ್ದನ್ನು ಅದು ನಿಮ್ಮ ಸ್ವರದಲ್ಲಿ ಹೇಳ್ತದೆ. ನೀವು ಬೇಕೂಂತ ಇಲ್ಲ."

ಅವಳು ಉತ್ತರ ಕೊಡುವ ಮೊದಲೇ ಫೋನಿನೊಳಗಿನ ಹುಡುಗ ಆಡಿ ದಣಿದು ಮನೆಗೆ ಬಂದಿದ್ದ. ಒಲೆಯ ಮುಂದೆ ತಾಯಿ. ಮೂರೂ ಗೇಮುಗಳಲ್ಲಿ ಇದ್ದ ಹಾಗೆ ಈಗಲೂ ಅವಳು ಬೆನ್ನು ಮಾತ್ರ. ಮುಖ ಬಿಡಿಸುವ ತಂಟೆಗೆ ಯಾರೂ ಹೋಗಿರಲಿಲ್ಲ. ಹಸಿವು ಎಂದ ದೇರು. ಬೆನ್ನು ಕೈ ಎತ್ತಿ, ತಾಳು ಎಂದು ಸನ್ನೆ ಮಾಡಿತು. ಆಗ ಆ ಎಂಟು ವರ್ಷದವನು ಸೊಂಟಕ್ಕೆ ಕೈಕೊಟ್ಟು ಕೇಳಿದ:

"ನೀನು ಇಡೀ ದಿನ ಮನೆಯಲ್ಲಿ ಎಂತ ಮಾಡುದು? ಹಾಂ?"

ಯಶ್ಮಿತಾ ನಕ್ಕಳು. ನಕ್ಕವಳು ಅಮ್ಮನ ಮುಖ ನೋಡಿ ನಿಲ್ಲಿಸಿದಳು. ಆ ಮಾತು ಹರಿಣಾಕ್ಷಿಗೆ ಹೊಸದಲ್ಲ. ಅದು ಜಯಪ್ರಕಾಶನ ಮಾತು. ಕೊನೆಗೆ ಬರುವ, ಗಲ್ಲಕ್ಕೆ ತಿವಿದ ಹಾಗಿರುವ ಆ 'ಹಾಂ' ಕೂಡ ಅವನದೇ. ಮದುವೆಯಾದಾಗಿನಿಂದ ಎಷ್ಟು ಸಲ ಕೇಳಿದ್ದಾಳೋ, ಕೇಳಿ ಕೇಳಿ ಗಡಿಯಾರದ ಸದ್ದಿನಂತೆ ಕಿವಿಗೆ ತಾಗದೆ ಹೋಗಿತ್ತು. ಈಗ ತಾಗಿತು. ತನ್ನದೇ ಗಂಟಲಿನಿಂದ ಯಾರೋ ಅದನ್ನು ತನಗೇ ಹೇಳಿದ್ದರು.

ಅಂಗಡಿಯಿಂದ ಬಂದು ಚಾ ಕುಡಿಯುತ್ತಿದ್ದ ಜಯಪ್ರಕಾಶನಿಗೆ ಮಗಳು ಆ ಜಾಗವನ್ನು ಮತ್ತೆ ಹಾಕಿ ತೋರಿಸಿದಳು, ಏನು ಹೇಳುತ್ತಾರೆ ನೋಡೋಣ ಎಂದು. ಅವನು ಮನಸಾರೆ ನಕ್ಕ. ಹುಡುಗ ಸರಿಯಾಗಿ ಕೇಳಿದ ಎಂದ. ಕಪ್ಪನ್ನು ಹರಿಣಾಕ್ಷಿಯ ಕೈಗೆ ಕೊಟ್ಟು ಎದ್ದು ಹೋದ. ಗುರುತೇ ಸಿಕ್ಕಿರಲಿಲ್ಲ ಅವನಿಗೆ.

ಮಾರನೆಯ ದಿನ ಶಾಲೆಗೆ ರಜೆ. ಕಸ ಗುಡಿಸಿ, ತಿಂಡಿ ಮುಗಿಸಿ, ಮಧ್ಯಾಹ್ನದ ಅನ್ನಕ್ಕೆ ಒಲೆ ಹಚ್ಚದೆ ಅವಳು ಮಹಡಿ ಹತ್ತಿದಳು. ಹಿಂದಿನಿಂದ ಯಶ್ಮಿತಾಳೂ ಬಂದಳು. ಮೇಲೆ ಪ್ರಖ್ಯಾತ್ ಖುಷಿಯಲ್ಲಿದ್ದ. ಆಡಿ ನೋಡಿದವರೆಲ್ಲ ಆ ಅಡುಗೆಮನೆಯ ತುಣುಕನ್ನು ಒಬ್ಬರಿಗೊಬ್ಬರು ಕಳಿಸಿಕೊಂಡು ನಗುತ್ತಿದ್ದಾರಂತೆ. ಬಿಡುಗಡೆಗೆ ಮೊದಲೇ ಇಷ್ಟು ಹೆಸರು ಹಿಂದೆ ಬಂದಿರಲಿಲ್ಲ. ಆ ಮಾತನ್ನು ತೆಗೆಯಬೇಕು ಎಂದು ಹರಿಣಾಕ್ಷಿ ಹೇಳಿದಾಗ ಅವನಿಗೆ ಅರ್ಥವೇ ಆಗಲಿಲ್ಲ.

"ಯಾಕೆ ಮಾಮಿ? ಸ್ವರ ಸರಿ ಬರ್ಲಿಲ್ವಾ?"

"ಸ್ವರ ಸರಿಯೇ ಉಂಟು. ಅದು ನನ್ನ ಸ್ವರ ಅಲ್ಲನಾ? ನನ್ನ ಬಾಯಲ್ಲಿ ಇದನ್ನು ಹಾಕ್ಲಿಕ್ಕೆ ಯಾರ ಹತ್ತಿರ ಕೇಳಿದ್ದು?"

"ನಿಮ್ಮ ಹತ್ತಿರ ಕೇಳ್ಬೇಕಾ? ನೀವೆಂತ ಹೊರಗಿನವರಾ?"

ಅವನು ನಿಜವಾಗಿಯೇ ಆಶ್ಚರ್ಯಪಟ್ಟಿದ್ದ. ಈ ಮನೆಯಲ್ಲಿ ಅವನು ಊಟವನ್ನು ಕೇಳಿ ಉಂಡವನಲ್ಲ, ಕೋಣೆಯನ್ನು ಕೇಳಿ ಹಿಡಿದವನಲ್ಲ. ಸ್ವರವೂ ಹಾಗೆಯೇ ತಟ್ಟೆಯಲ್ಲಿ ಬಡಿಸಿಟ್ಟದ್ದು ಎಂದುಕೊಂಡಿದ್ದ. ಹರಿಣಾಕ್ಷಿ ಅವನನ್ನು ಬಿಟ್ಟು ಲಿಜೋನ ಕಡೆ ತಿರುಗಿದಳು. ಆ ಮಾತು ಎಲ್ಲಿಂದ ಬಂತು ಎಂದು ಕೇಳಿದಳು. ಲಿಜೋ ಕುರ್ಚಿಯಲ್ಲಿ ಸಣ್ಣಗಾದ. ನೈಟಿಯ ಮೈಕಿನಲ್ಲಿ ಉಸಿರಿನ ಜೊತೆಗೆ ಮನೆಯ ಮಾತುಗಳೂ ಬಂದಿದ್ದವು, ಕತೆ ಬರೆಯುವಾಗ ಸಹಜವಾಗಿರಲಿ ಎಂದು ಪ್ರಖ್ಯಾತ್ ಅದರಿಂದ ಹೆಕ್ಕಿದ ಎಂದು ತಗ್ಗಿದ ದನಿಯಲ್ಲಿ ಒಪ್ಪಿಕೊಂಡ. ಅದನ್ನು ಕೇಳಿಸು ಎಂದಳು ಅವಳು.

ಅವನು ಹುಡುಕಿ ಹಾಕಿದ. ಕೋಣೆಯ ಎರಡೂ ಸ್ಪೀಕರುಗಳಲ್ಲಿ ಹರಿಣಾಕ್ಷಿಯ ಒಂದು ಬೆಳಗು ಶುರುವಾಯಿತು. ನಲ್ಲಿ, ಪಾತ್ರೆ, ಪೊರಕೆ, ಮತ್ತೆ ನಲ್ಲಿ. ಮೆಟ್ಟಿಲು, ಉಸಿರು. ಲಿಜೋ ಮುಂದಕ್ಕೆ ಓಡಿಸಲು ಹೋದರೆ ಬೇಡ ಎಂದಳು. ಎಲ್ಲರೂ ಕೇಳಿದರು. ಮಾತಿಲ್ಲದ ಆ ಸದ್ದು ಮುಗಿಯುವಂತೆಯೇ ಕಾಣಲಿಲ್ಲ. ಯಶ್ಮಿತಾ ನೆಲದ ಮೇಲೆ ಕುಳಿತಳು. ಪ್ರಖ್ಯಾತ್ ಒಮ್ಮೆ ಗಡಿಯಾರ ನೋಡಿ, ಮಾಮಿಯ ಕಣ್ಣಿಗೆ ಸಿಕ್ಕಿ, ಮತ್ತೆ ನೋಡಲಿಲ್ಲ.

ಊಟದ ಹೊತ್ತಾಗಿತ್ತು. ಅಂಗಡಿಯಿಂದ ಬಂದ ಜಯಪ್ರಕಾಶ್ ಕೆಳಗೆ ಒಲೆ ತಣ್ಣಗಿರುವುದನ್ನು ಕಂಡು ಮೇಲೆ ಬಂದ. ಅವನು ಬಾಗಿಲಲ್ಲಿ ನಿಲ್ಲುವುದಕ್ಕೂ ಸ್ಪೀಕರಿನಲ್ಲಿ ಒಂದು ಬಾಗಿಲು ತೆರೆಯುವುದಕ್ಕೂ ಸರಿಹೋಯಿತು. ಚಪ್ಪಲಿಯ ಸದ್ದು. ಇನ್ನೂ ಆಗಿಲ್ಲವಾ ಎಂಬ ಪ್ರಶ್ನೆ. ಕರೆಂಟ್ ಹೋಗಿ ಅರೆಯಲಿಕ್ಕೆ ತಡವಾಯಿತು ಎಂದು ಹರಿಣಾಕ್ಷಿಯ ಸ್ವರ. ಆಮೇಲೆ ದಪ್ಪಗಿನ, ಇಡೀ ಕೋಣೆ ತುಂಬುವ ಗಂಡಸಿನ ಸ್ವರದಲ್ಲಿ ಆ ಮಾತು, ಆ ಹಾಂ.

"ಯಾರು ಮಾರಾಯ ಇದು?" ಎಂದ ಜಯಪ್ರಕಾಶ್ ಬಾಗಿಲಿನಿಂದ. "ಎಂತ ಅಹಂಕಾರ ಆ ಸ್ವರದಲ್ಲಿ."

ಯಶ್ಮಿತಾ ಹೇಳಿದಳು: "ಅಪ್ಪ, ಅದು ನೀವು."

ಅವನು ಇಲ್ಲ ಎಂದ. ತನ್ನ ಸ್ವರ ಹಾಗಿಲ್ಲ, ತಾನು ಆ ರೀತಿ ಮಾತಾಡುವುದೇ ಇಲ್ಲ ಎಂದ. ಲಿಜೋ ಮತ್ತೊಮ್ಮೆ ಹಾಕಿದ. ಎರಡನೆಯ ಸಲಕ್ಕೆ ಜಯಪ್ರಕಾಶನ ಕೈ ಬಾಗಿಲ ಚೌಕಟ್ಟನ್ನು ಹಿಡಿಯಿತು. ಅವನ ಮುಖದಲ್ಲಿ ಮೂಡಿದ್ದು ನಾಚಿಕೆಯೂ ಅಲ್ಲ, ಸಿಟ್ಟೂ ಅಲ್ಲ. ಕನ್ನಡಿ ನೋಡಲು ಹೋದಾಗ ಅದರಲ್ಲಿ ಬೇರೆ ಯಾರೋ ಕಂಡರೆ ಹೇಗಾಗಬಹುದೋ ಹಾಗೆ ಇದ್ದ.

ಆದರೆ ಹರಿಣಾಕ್ಷಿ ಅವನ ಕಡೆ ನೋಡುತ್ತಿರಲಿಲ್ಲ. ಅವಳು ಸ್ಪೀಕರಿನಲ್ಲಿ ಮುಂದೆ ಬಂದುದನ್ನು ಕೇಳುತ್ತಿದ್ದಳು. ಗಂಡನ ಆ 'ಹಾಂ'ಗೆ ಅವಳ ಸ್ವರ ಉತ್ತರ ಕೊಟ್ಟಿತ್ತು. ಏನೂ ನೋವಿಲ್ಲದೆ, ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವ ಮಗುವಿನ ಹಾಗೆ: "ಎಂತ ಇಲ್ಲ." ಅದರ ಬೆನ್ನಿಗೇ ಹುಪ್ ಎಂದು ಗ್ರೈಂಡರಿನ ಕಲ್ಲು ಎತ್ತಿದ ಸದ್ದು. ಊರಿನ ಮಕ್ಕಳೆಲ್ಲ ಆಡುವಾಗ ಅನುಕರಿಸುವ ಅದೇ ಹುಪ್. ಅವಳಿಗೆ ಗಂಡನ ಮಾತಿಗಿಂತ ಹೆಚ್ಚು ಆಘಾತವಾದದ್ದು ಈ ಉತ್ತರದಿಂದ. ಅಷ್ಟು ತೂಕ ಕೈಯಲ್ಲಿರುವಾಗ ಎಂತ ಇಲ್ಲ ಎಂದವಳು ಯಾರು? ಅವಳನ್ನು ಕರೆದು ಕೇಳಬೇಕೆನಿಸಿತು.

ಸಾಕು ಎಂದು ಕೈ ಮಾಡಿದಳು. ಲಿಜೋ ನಿಲ್ಲಿಸಿದ.

"ಪ್ರಖ್ಯಾತ್, ಆ ಮಾತು ನಿನಗೆ ಬೇಕೇ ಬೇಕು ಅಂತಾದ್ರೆ ಇರ್ಲಿ" ಎಂದಳು. "ಆದ್ರೆ ಹೇಳಿದವರ ಸ್ವರದಲ್ಲೇ ಇರ್ಲಿ. ನನ್ನದು ಬೇಡ."

ಪ್ರಖ್ಯಾತ್ ಮಾವನ ಮುಖ ನೋಡಿದ. ಪ್ರತಿ ಸಲ ಅಲ್ಲಿಂದ ಒಂದು ಹೂಂ ಬರುತ್ತಿತ್ತು. ಈ ಸಲ ಏನೂ ಬರಲಿಲ್ಲ. ಹಾಕು ಲಿಜೋ ಎಂದಳು ಹರಿಣಾಕ್ಷಿ. ಲಿಜೋ ಜಯಪ್ರಕಾಶನ ಮಾತನ್ನು ಕತ್ತರಿಸಿ ಗೇಮಿನ ಆ ಜಾಗಕ್ಕೆ ಅಂಟಿಸಿದ. ಪರದೆಯ ಮೇಲೆ ಸಣ್ಣ ದೇರು ಓಡಿ ಬಂದ. ಹಸಿವು ಎಂದ. ಬೆನ್ನು ಕೈ ಎತ್ತಿತು. ಹಾಲುಹಲ್ಲು ಬಿದ್ದ ಆ ಬಾಯಿ ತೆರೆಯಿತು, ಒಳಗಿನಿಂದ ಐವತ್ತರ ಗಂಡಸು ಗದರಿದ.

ಯಾರೂ ನಗಲಿಲ್ಲ. ನಿನ್ನೆ ನಕ್ಕಿದ್ದ ಯಶ್ಮಿತಾ ಮುಖ ಬೇರೆ ಕಡೆ ತಿರುಗಿಸಿದಳು. ಹುಡುಗನ ಬಾಯಲ್ಲಿ ತಮಾಷೆಯಾಗಿದ್ದ ಮಾತು ಈಗ ಆ ಬೆನ್ನಿನ ಮೇಲೆ ಬಿದ್ದದ್ದು ಎಲ್ಲರಿಗೂ ಕಂಡಿತು.

"ತೆಗಿ" ಎಂದ ಪ್ರಖ್ಯಾತ್.

ಯಂತ್ರ ಆಡಿದ ಉಳಿದ ಮಾತುಗಳನ್ನೂ ತೆಗೆಯಬೇಕು, ದೇರು ಏನೆಲ್ಲ ಹೇಳಬೇಕೋ ಅದನ್ನು ತಾನು ಮೊದಲು ಓದಿ, ಒಪ್ಪಿಗೆಯಾದದ್ದನ್ನು ತಾನೇ ಹೇಳುತ್ತೇನೆ ಎಂದಳು ಹರಿಣಾಕ್ಷಿ. ಬಿಡುಗಡೆ ಮುಂದಕ್ಕೆ ಹೋಗುತ್ತದೆ ಎಂದು ಅಳಿಯ ಗೊಣಗಿದ. ಹೋಗಲಿ ಎಂದಳು. ಕೊನೆಯ ಹೆಸರುಗಳಲ್ಲಿ 'ಎಚ್.' ಬೇಡ, ಪೂರ್ತಿ ಬರೆ ಎಂದೂ ಹೇಳಿದಳು. ಲಿಜೋ ಆಗಲೇ ಅಳಿಸಲು ಶುರು ಮಾಡಿದ್ದ.

ಅಡುಗೆಮನೆಯ ಜಾಗಕ್ಕೆ ಬಂದಾಗ ಅವನ ಕೈ ನಿಂತಿತು. ಇಲ್ಲಿ ಬದಲಿಗೆ ದೇರು ಏನು ಹೇಳಬೇಕು ಎಂದು ಕೇಳಿದ. ಆಡಿ ದಣಿದು ಬಂದ ಹುಡುಗ, ಒಲೆಯ ಮುಂದೆ ಅಮ್ಮ, ಊಟ ಇನ್ನೂ ಆಗಿಲ್ಲ. ಏನಾದರೂ ಒಂದು ಮಾತು ಬೇಕಲ್ಲ.

ಎಲ್ಲರೂ ಯೋಚಿಸಿದರು. ತಮ್ಮ ಮನೆಯಲ್ಲಿ ತಾನು ಏನೂ ಹೇಳುವುದಿಲ್ಲ, ಬಡಿಸಿದ ಮೇಲೆ ಕರೆದರೆ ಹೋಗುತ್ತೇನೆ ಎಂದ ಲಿಜೋ. ಅಮ್ಮಾ ನಾನೆಂತಾದರೂ ಮಾಡಬೇಕಾ ಎಂದು ಕೇಳಿದರೆ ಹೇಗೆ ಎಂದ ಪ್ರಖ್ಯಾತ್.

"ನೀನು ಯಾವಾಗಾದ್ರೂ ಕೇಳಿದ್ದುಂಟಾ ಭಾವ?" ಎಂದಳು ಯಶ್ಮಿತಾ.

ಆದರೂ ನೋಡುವ ಎಂದು ಹರಿಣಾಕ್ಷಿ ಮೈಕಿನ ಎದುರು ನಿಂತಳು. ಹುಲಿಗೆ ಹೆದರುವುದು, ಅಜ್ಜನನ್ನು ಗೇಲಿ ಮಾಡುವುದು, ಹೊಳೆಯಲ್ಲಿ ಮುಳುಗುವುದು ಎಲ್ಲ ಬರುತ್ತಿದ್ದ ಗಂಟಲಿನಿಂದ ಆ ಒಂದು ಮಾತು ಬರಲಿಲ್ಲ. ಅಮ್ಮಾ, ನಾನೆಂತಾದರೂ ಮಾಡಬೇಕಾ. ಹೇಳಿದಷ್ಟು ಸಲವೂ ಶಾಲೆಯ ನಾಟಕದ ಹಾಗೆ ಕೇಳಿಸಿತು. ಮಗನೊಬ್ಬನ ಬಾಯಲ್ಲಿ ಅದು ಹೇಗಿರುತ್ತದೆ ಎಂದು ಅವಳು ಮಂಡೆಕೋಲಿನಲ್ಲೂ ಕೇಳಿರಲಿಲ್ಲ, ದರ್ಬೆಯಲ್ಲೂ ಕೇಳಿರಲಿಲ್ಲ. ಕೇಳದೆ ಇದ್ದದ್ದನ್ನು ಹೇಳುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ನಾಲ್ಕನೆಯ ಗೇಮ್ ತಡವಾಗಿ ಬಂತು. ಅದರಲ್ಲಿ ಸಣ್ಣ ದೇರು ಅಡುಗೆಮನೆಯ ಬಾಗಿಲಿಗೆ ಬಂದು, ಬಾಯಿ ತೆರೆದು, ಸುಮ್ಮನೆ ನಿಲ್ಲುತ್ತಾನೆ. ಅಲ್ಲಿ ಸ್ವರ ಬರುವುದಿಲ್ಲ, ಸರಿ ಮಾಡಿ ಎಂದು ಆಡುವವರು ಬರೆಯುತ್ತಲೇ ಇದ್ದಾರೆ. ಲಿಜೋ ಆಗಾಗ ಮೈಕ್ ತೆರೆದು ಕೊಡುತ್ತಾನೆ. ಹರಿಣಾಕ್ಷಿ ಆ ಮಾತನ್ನು ಹೇಳಿ ನೋಡುತ್ತಾಳೆ. ಇನ್ನೂ ಸರಿಯಾಗಿಲ್ಲ.